ಬಟ್ಟೆ ತೊಳೆಯುವ ಪುಡಿಗೆ ಸಕ್ಕರೆ ಬೆರೆಸಿದರೆ ಪೇಟೆಂಟ್ ಸಿಗುತ್ತದಾ?

(ಶಿರಸಿಯಲ್ಲಿ ಕಾಲೇಜು ಹುಡುಗರು ಮತ್ತು ಮನೆಯಲ್ಲೇ ಸೋಪು, ತೊಳೆಯುವ ದ್ರಾವಣ ಮಾಡಿ ಮಾರುವ ಹೆಣ್ಣುಮಕ್ಕಳ ಎದುರು ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಕೇಸಿಗೇ ಬರುತ್ತೇನೆ. 1972ರಲ್ಲಿ ಅಮೆರಿಕದಲ್ಲಿ ತೀರ್ಮಾನವಾದದ್ದು, ಹೆಸರು ಇನ್ ರೀ ಲಿಂಟ್ನರ್, ಅಂದರೆ ಲಿಂಟ್ನರ್ ಅನ್ನುವ ಅರ್ಜಿದಾರರ ವಿಷಯದಲ್ಲಿ ಅಂತ. ಬಟ್ಟೆ ತೊಳೆಯುವ ಒಂದು ಮಿಶ್ರಣಕ್ಕೆ ಪೇಟೆಂಟ್ ಕೇಳಿದ್ದರು. ಅದರೊಳಗೆ ಇದ್ದದ್ದು ಐದು ಸಾಮಾನು. ಕೊಳೆಯನ್ನು ನೀರಿನಲ್ಲೇ ಹರಡಿ ಇಡುವ ಒಂದು ಪದಾರ್ಥ, ಬಟ್ಟೆ ಮೆತ್ತಗೆ ಮಾಡುವ ಕ್ಯಾಟಯಾನಿಕ್ (ಅಂದರೆ ಧನ ವಿದ್ಯುದಂಶದ) ಸಾಫ್ಟ್‌ನರ್, ಫಾಸ್ಫೇಟ್, ಬಿಳುಪು ಎತ್ತಿ ತೋರಿಸುವ ಬ್ರೈಟನರ್, ಮತ್ತೆ ಸಕ್ಕರೆ. ಹೌದು, ಸಕ್ಕರೆ. ಇಡೀ ಜಗಳ ನಡೆದದ್ದು ಆ ಸಕ್ಕರೆಯ ಮೇಲೆ.

ಅದು ಅಲ್ಲಿಗೆ ಯಾಕೆ ಬಂತು ಅಂತ ತಿಳಿಯಬೇಕಾದರೆ ಬಟ್ಟೆ ಯಾಕೆ ಗಡುಸಾಗುತ್ತದೆ ಅಂತ ಮೊದಲು ನೋಡಬೇಕು. ಗಾಳಿ ಆಡದ ಕಡೆ ಹರವಿ ಒಣಗಿಸಿದ ಹತ್ತಿ ಟವೆಲ್ ಮುಟ್ಟಿ ನೋಡಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ ಪಂಚೆಯೂ ಅಷ್ಟೆ. ಒಣಗುವಾಗ ಹತ್ತಿಯ ಎಳೆಗಳ ನಡುವೆ ಚೂರು ನೀರು ಉಳಿಯುತ್ತದೆ, ಅದೇ ಎಳೆಗೆ ಎಳೆಯನ್ನು ಅಂಟಿಸಿ ಹಿಡಿಯುತ್ತದೆ. ಬಾವಿ ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪಿನಂಶವೂ ಬಟ್ಟೆಯಲ್ಲಿ ಕೂತುಬಿಡುತ್ತದೆ. ಕರಾವಳಿಯಲ್ಲಿ ಬಾವಿಗೆ ಸಮುದ್ರದ ಉಪ್ಪು ನುಗ್ಗಿದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿ ನೀರಿಗೆ ಬಿದ್ದಾಗ ಅದರ ಮೈಮೇಲೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಸಾಫ್ಟ್‌ನರ್ ಕಣದ ತಲೆ ಧನ, ಬಾಲ ಮಾತ್ರ ಉದ್ದನೆಯ ಕೊಬ್ಬಿನ ಸರಪಳಿ, ಅದೂ ಸಾಮಾನ್ಯವಾಗಿ ಎರಡು. ತಲೆ ಬಟ್ಟೆಗೆ ಅಂಟುತ್ತದೆ, ಬಾಲ ಹೊರಗೆ ಚಾಚುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಮೆತ್ತಗೆ ಅನ್ನಿಸುವುದು ಅದಕ್ಕೇ. ಆದರೆ ನಾವು ದಿನಾ ಬಳಸುವ ಬಹುಪಾಲು ಡಿಟರ್ಜೆಂಟ್ ಋಣದ್ದು. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಅವೆರಡೂ ಬಟ್ಟೆಯನ್ನು ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಜಿನ ಮೇಲೆ ಇದನ್ನೇ ಮಾಡಿ ತೋರಿಸಿದೆ. ಒಂದು ಗ್ಲಾಸಿನಲ್ಲಿ ಡಿಟರ್ಜೆಂಟ್ ದಪ್ಪಗೆ ಕದಡಿದ ನೀರು, ಅದರ ಮೇಲೆ ಎರಡು ಚಮಚ ಸಾಫ್ಟ್‌ನರ್. ಕಡ್ಡಿಯಿಂದ ತಿರುಗಿಸಿದ ಹಾಗೆ ಬಿಳಿ ಚೂರುಗಳು ಕೂಡಿಕೊಂಡು ಗಂಟಾದವು, ನೊರೆ ಸತ್ತುಹೋಯಿತು. ಮುಂದಿನ ಸಾಲಿನಲ್ಲಿದ್ದವರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಸಾಫ್ಟ್‌ನರನ್ನು ಕೊನೆಯ ನೀರಿಗೆ ಹಾಕಿ ಅಂತ ಬಾಟಲಿ ಮೇಲೆ ಬರೆದಿರುವುದು ಇದಕ್ಕೇ.

ಈ ಧನ–ಋಣದ ಜಗಳವನ್ನು ತಪ್ಪಿಸುವುದು ಹೇಗೆ? ಸಾಫ್ಟ್‌ನರ್ ಪೇಟೆಂಟುಗಳಲ್ಲಿ ದೊಡ್ಡ ಪಾಲು ಈ ಒಂದೇ ಪ್ರಶ್ನೆಗೆ ಬರೆದ ಉತ್ತರ. ಒಬ್ಬರು ಅದನ್ನು ಕೊನೆಯ ನೀರಿಗೆ ತಳ್ಳಿದರು. ಕಾನ್ರಾಡ್ ಗೈಸರ್ ಅನ್ನುವವರು ಒಣಗಿಸುವ ಯಂತ್ರಕ್ಕೆ ಹಾಕುವ ಬಟ್ಟೆ ಚೂರಿಗೆ ಸಾಫ್ಟ್‌ನರ್ ಸವರಿಟ್ಟರು, 1969ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇನ್ನು ಕೆಲವರು ಕ್ಯಾಟಯಾನಿಕ್ ಸಹವಾಸವೇ ಬೇಡ ಅಂತ ಜೇಡಿಮಣ್ಣಿನ ಕಡೆ ಹೋದರು, ಆ ಕಥೆ ಮುಂದೆ ಹೇಳುತ್ತೇನೆ. ಲಿಂಟ್ನರ್ ಸಕ್ಕರೆ ಹಾಕಿದರು. ಸಕ್ಕರೆ ಇದ್ದರೆ ಸಾಫ್ಟ್‌ನರ್ ಉಳಿದ ಸಾಮಾನಿನ ಜತೆ ಹೊಂದಿಕೊಂಡು ಇರುತ್ತದೆ ಅನ್ನುವುದು ಅವರ ವಾದ.

ಆ ಕೆಲಸದಲ್ಲಿ ಪಳಗಿದವರಿಗೆ ಸಹಜವಾಗಿ ತಲೆಗೆ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ. ಅದಕ್ಕೇ ಪೇಟೆಂಟ್ ಕಚೇರಿ ಹಳೆಯ ದಾಖಲೆ ತೆಗೆದು ಮುಂದಿಟ್ಟಿತು. ಒಂದರಲ್ಲಿ ಸಕ್ಕರೆ ಬಿಟ್ಟು ಉಳಿದದ್ದೆಲ್ಲ ಇತ್ತು. ಬೇರೆ ದಾಖಲೆಗಳಲ್ಲಿ ಸಾಫ್ಟ್‌ನರ್ ಇರುವ ಮಿಶ್ರಣಕ್ಕೇ ಸಕ್ಕರೆ ಬೆರೆಸಿದ್ದರು, ಆದರೆ ಸುಮ್ನೆ ತೂಕಕ್ಕೆ, ಪ್ರಮಾಣ ಹೆಚ್ಚಿಸುವುದಕ್ಕೆ. ಲಿಂಟ್ನರ್ ಪರದವರು, ಅವರು ಹಾಕಿದ ಉದ್ದೇಶ ಬೇರೆ, ನಾವು ಹಾಕಿದ ಉದ್ದೇಶವೇ ಬೇರೆ ಅಂದರು. ಕೋರ್ಟ್ ಒಪ್ಪಲಿಲ್ಲ. ಉದ್ದೇಶ ಬೇರೆಯಾದ ಮಾತ್ರಕ್ಕೆ ತೀರ್ಮಾನ ಬದಲಾಗುವುದಿಲ್ಲ, ಹಳೆಯ ದಾಖಲೆ ಹೇಳಿದ ಕಾರಣಕ್ಕೇ ಯಾರಾದರೂ ಅಲ್ಲಿ ಸಕ್ಕರೆ ಹಾಕುತ್ತಿದ್ದರು ಅಂತ ಹೇಳಿತು.

ಸಾರಿಗೆ ರುಚಿಗಾಗಿ ಚೂರು ಬೆಲ್ಲ ಹಾಕುವವರು ಮೊದಲಿಂದ ಇದ್ದಾರೆ. ನೀವು ಬಣ್ಣ ಬರಲಿ ಅಂತ ಹಾಕಿದಿರಿ ಅಂದುಕೊಳ್ಳಿ. ಪಾತ್ರೆಗೆ ಬಿದ್ದದ್ದು ಅದೇ ಬೆಲ್ಲ, ಒಲೆಯ ಮೇಲೆ ಕುದಿದದ್ದು ಅದೇ ಸಾರು. ನೀವು ಪೇಟೆಂಟ್ ಕೇಳುತ್ತಿರುವುದು ಆ ಸಾರಿಗೆ, ನಿಮ್ಮ ಮನಸ್ಸಿನಲ್ಲಿದ್ದ ಕಾರಣಕ್ಕಲ್ಲ.

ಇದು ಕಠಿಣ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಪು. ಪೇಟೆಂಟ್ ಅಂದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ಮಾಡಬಾರದು ಅನ್ನುವ ಹಕ್ಕು. ತೂಕಕ್ಕೆ ಅಂತ ಸಕ್ಕರೆ ಬೆರೆಸಿ ಪುಡಿ ಮಾಡಿಕೊಂಡಿದ್ದ ಒಬ್ಬ ಸಣ್ಣ ತಯಾರಕನನ್ನು ನೆನೆಸಿಕೊಳ್ಳಿ. ಅದೇ ಸಕ್ಕರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ ಅಂತ ಯಾರೋ ಕಂಡುಹಿಡಿದ ಮಾತ್ರಕ್ಕೆ ಅವನು ಅಂಗಡಿ ಮುಚ್ಚಬೇಕಾ?

ಹಾಗಾದರೆ ಲಿಂಟ್ನರ್ ಅವರಿಗೆ ದಾರಿಯೇ ಇರಲಿಲ್ಲವಾ? ಇತ್ತು. ಯಾರೂ ನಿರೀಕ್ಷಿಸದ ಫಲ ಬಂತು ಅಂತ ಅಳತೆ ಮಾಡಿ ತೋರಿಸಬಹುದು. ಆದರೆ ಆ ಅಳತೆ ಕ್ಲೇಮಿನ ಅಷ್ಟೂ ಅಗಲಕ್ಕೆ ಹೊಂದಬೇಕು. ಕ್ಲೇಮ್ ಅಂದರೆ ಅರ್ಜಿಯ ಕೊನೆಯಲ್ಲಿ "ಇಲ್ಲಿಂದ ಇಲ್ಲಿಯವರೆಗೆ ನನ್ನದು" ಅಂತ ಬೇಲಿ ಹಾಕುವ ವಾಕ್ಯ. ನೀವು ಒಂದೇ ಒಂದು ಸಾಫ್ಟ್‌ನರ್ ಹಿಡಿದು, ಒಂದೇ ಪ್ರಮಾಣದಲ್ಲಿ ಪರೀಕ್ಷೆ ಮಾಡಿ, ಬೇಲಿ ಮಾತ್ರ "ಯಾವುದೇ ಕ್ಯಾಟಯಾನಿಕ್ ಸಾಫ್ಟ್‌ನರ್" ಅಂತ ಹಾಕಿದರೆ ನಡೆಯುವುದಿಲ್ಲ. ಬೇಲಿಯೊಳಗೆ ಯಾರಿಗಾದರೂ ಹೊಳೆಯುವಂಥ ಜಾಗವೂ ಸೇರಿಕೊಂಡಿದ್ದರೆ, ಹೊಳೆಯದ ಜಾಗವೂ ಇದೆಯಲ್ಲ ಅನ್ನುವ ವಾದ ಆ ಕ್ಲೇಮನ್ನು ಉಳಿಸುವುದಿಲ್ಲ. ಇದನ್ನೂ ಲಿಂಟ್ನರ್ ತೀರ್ಪೇ ಹೇಳಿದೆ. ಆ ತೀರ್ಪಿನಲ್ಲಿ ನನಗೆ ಸಕ್ಕರೆಗಿಂತ ಮುಖ್ಯ ಅನ್ನಿಸುವ ಮಾತು ಇದು. ಅರ್ಜಿಗಳು ಬೀಳುವುದು ಜಾಸ್ತಿ ಇಲ್ಲೇ.

ಡಿಟರ್ಜೆಂಟಿನದ್ದೇ ಇನ್ನೊಂದು ಕೇಸಿದೆ, 1980ರ ಇನ್ ರೀ ಕೆರ್ಕ್‌ಹೋವನ್. ಗೊತ್ತಿರುವ ಎರಡು ಡಿಟರ್ಜೆಂಟ್ ಪುಡಿಗಳನ್ನು ಬೆರೆಸುವ ವಿಧಾನ ಅಲ್ಲಿತ್ತು. ಎರಡೂ ಒಂದೇ ಕೆಲಸಕ್ಕೆ ಒಳ್ಳೆಯದು ಅಂತ ಮೊದಲೇ ಗೊತ್ತಿದ್ದರೆ, ಅವನ್ನು ಕೂಡಿಸಿ ಮೂರನೆಯದು ಮಾಡುವುದು ಯಾರಿಗಾದರೂ ಹೊಳೆಯುತ್ತದೆ ಅಂತ ತೀರ್ಪು ಬಂತು. ಶೇಕಡಾವಾರು ಪ್ರಮಾಣದ ವಿಷಯಕ್ಕೆ 1955ರ ಇನ್ ರೀ ಆಲರ್ ಎಲ್ಲರೂ ಎತ್ತುವ ಕೇಸು. ಅದು ಬಟ್ಟೆಯದ್ದಲ್ಲ, ಫೀನಾಲ್ ಅನ್ನುವ ರಾಸಾಯನಿಕ ತಯಾರಿಸುವ ವಿಧಾನದ್ದು. ಹಳೆಯ ವಿಧಾನದಲ್ಲಿ 100 ಡಿಗ್ರಿ ಶಾಖ, 10 ಶೇಕಡಾ ಆಮ್ಲ. ಹೊಸ ಅರ್ಜಿಯಲ್ಲಿ 40ರಿಂದ 80 ಡಿಗ್ರಿ, 25ರಿಂದ 70 ಶೇಕಡಾ. ಸಾಮಾನ್ಯ ಪ್ರಯೋಗದಲ್ಲಿ ಹೆಚ್ಚು ಕಡಿಮೆ ಮಾಡುತ್ತ ಹೋದರೆ ಸಿಗುವ ಅಂಕಿಗೆ ಪೇಟೆಂಟ್ ಇಲ್ಲ ಅಂತಾಯಿತು. ಸಾಫ್ಟ್‌ನರ್ ಅರ್ಜಿ ಯಾವುದನ್ನೇ ತೆಗೆದು ಓದಿ, "ಇಂತಿಷ್ಟರಿಂದ ಇಂತಿಷ್ಟು ಶೇಕಡಾ, ಹೆಚ್ಚು ಯೋಗ್ಯವೆಂದರೆ ಇಂತಿಷ್ಟು" ಅನ್ನುವ ಸಾಲುಗಳು ಪುಟಗಟ್ಟಲೆ ಇರುತ್ತವೆ. ಹಳೆಯ ದಾಖಲೆಯ ಅಂಕಿಯ ಮೇಲೆ ನಿಮ್ಮ ಅಂಕಿ ಒಂದಿಷ್ಟು ಹಾಯ್ದರೂ ಸಾಕು, ಅದು ಹೊಳೆಯುವಂಥದ್ದಲ್ಲ ಅಂತ ತೋರಿಸುವ ಭಾರ ನಿಮ್ಮ ಹೆಗಲಿಗೆ ಬರುತ್ತದೆ.

ಈಗ ಜೇಡಿಮಣ್ಣಿನ ಕಥೆ. ನನಗೆ ಬಹಳ ಇಷ್ಟದ್ದು. 1970ರ ದಶಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಸ್ಮೆಕ್ಟೈಟ್ ಅನ್ನುವ ಜಾತಿಯ ಜೇಡಿಯನ್ನು ಡಿಟರ್ಜೆಂಟ್ ಪುಡಿಗೆ ಬೆರೆಸುವ ಪೇಟೆಂಟುಗಳನ್ನು ಪಡೆದರು. ಜೇಡಿಯ ಪದರಗಳು ಎಳೆಯ ಮೇಲೆ ಕೂತು ಬಟ್ಟೆಯನ್ನು ಮೆತ್ತಗೆ ಮಾಡುತ್ತವೆ, ಋಣದ ಡಿಟರ್ಜೆಂಟ್ ಜತೆ ಜಗಳಕ್ಕೆ ನಿಲ್ಲುವುದಿಲ್ಲ. ತೊಳೆಯುವ ನೀರಿನಲ್ಲೇ ಮೆದುವೂ ಸಿಕ್ಕಿತು. ತೊಂದರೆ ಏನೆಂದರೆ ಜೇಡಿಯಲ್ಲಿ ಬಹಳಷ್ಟು ನೀರಿನ ಜತೆ ಹರಿದುಹೋಗುತ್ತದೆ. 1980ರ ದಶಕದಲ್ಲಿ ಅದೇ ಕಂಪನಿಯವರು ಅದಕ್ಕೆ ಪಾಲಿಎಥಿಲೀನ್ ಆಕ್ಸೈಡ್‌ನಂಥ ಉದ್ದ ಸರಪಳಿಯ ಪಾಲಿಮರ್ ಸೇರಿಸಿದರು. ಅದು ಜೇಡಿಯ ಕಣಗಳನ್ನು ಹಿಡಿದು ಗುಂಪುಗೂಡಿಸುತ್ತದೆ, ಆಗ ಬಟ್ಟೆಯ ಮೇಲೆ ಹೆಚ್ಚು ಕೂರುತ್ತದೆ.

ಇದು ಹೊಳೆಯುವಂಥದ್ದಾ? ಎರಡೂ ಕಡೆಯಿಂದ ವಾದ ಮಾಡಿ ನೋಡೋಣ. ವಿರೋಧಿಸುವವರು ಹೀಗೆ ಹೇಳಬಹುದು: ಕಣಗಳನ್ನು ಗುಂಪುಗೂಡಿಸಿ ತಳಕ್ಕಿಳಿಸುವ ಪಾಲಿಮರುಗಳು ನೀರು ಶುದ್ಧಿ ಮಾಡುವವರಿಗೆ ಎಷ್ಟೋ ಕಾಲದಿಂದ ಗೊತ್ತು. ಜೇಡಿ ಸಾಕಷ್ಟು ಕೂರುತ್ತಿಲ್ಲ ಅನ್ನುವುದು ಸಮಸ್ಯೆ, ಕೂರಿಸುವ ಪದಾರ್ಥ ಕೈಗೆಟಕುವ ದೂರದಲ್ಲೇ ಇದೆ, ಇದರಲ್ಲೇನು ದೊಡ್ಡದು? ಪೇಟೆಂಟ್ ಕೇಳುವವರು ಹೀಗೆ ತಿರುಗಿ ಹೇಳಬಹುದು: ಡಿಟರ್ಜೆಂಟಿನ ಕೆಲಸವೇ ಕೊಳೆಯ ಕಣಗಳನ್ನು ಬಿಡಿಬಿಡಿಯಾಗಿ ನೀರಿನಲ್ಲಿ ತೇಲಿಸಿ ಇಡುವುದು, ಅವು ಮತ್ತೆ ಬಟ್ಟೆಗೆ ಹತ್ತಬಾರದು. ಕೊಳೆಯಲ್ಲೂ ಮಣ್ಣಿದೆ. ಗುಂಪುಗೂಡಿಸುವ ಪದಾರ್ಥ ಹಾಕಿದರೆ ಬಿಳಿ ಅಂಗಿ ಕಂದಾಗುತ್ತದೆ ಅಂತ ಈ ಕಸುಬಿನವರು ಹೆದರುತ್ತಾರೆ, ಹೆದರಿ ಅದನ್ನು ದೂರವೇ ಇಡುತ್ತಾರೆ. ಹೆದರಿ ದೂರ ಇಟ್ಟದ್ದನ್ನೇ ಹತ್ತಿರ ತಂದು, ಬಿಳುಪು ಕೆಡದೆ ಮೆದು ಹೆಚ್ಚಾಯಿತು ಅಂತ ಅಂಕಿ ಸಮೇತ ತೋರಿಸಿದರೆ ಅದು ಗಟ್ಟಿ ವಾದ. ಲಿಂಟ್ನರ್ ಸಕ್ಕರೆಗೂ ಇದಕ್ಕೂ ಇರುವ ಅಂತರ ನೋಡಿ. ಅಲ್ಲಿ ಹಳೆಯ ದಾಖಲೆ "ಹಾಕು" ಅನ್ನುತ್ತಿತ್ತು. ಇಲ್ಲಿ ಕಸುಬಿನ ಅನುಭವ "ಹಾಕಬೇಡ" ಅನ್ನುತ್ತದೆ.

ನನ್ನ ಇಡೀ ಮಾತಿನ ತಿರುಳು ಇದೇ. ಎಷ್ಟು ಕಷ್ಟಪಟ್ಟಿರಿ, ಎಷ್ಟು ರಾತ್ರಿ ನಿದ್ದೆಗೆಟ್ಟಿರಿ ಅಂತ ಯಾರೂ ಕೇಳುವುದಿಲ್ಲ. ಈ ಕೆಲಸದಲ್ಲಿ ಪಳಗಿದ ಇನ್ನೊಬ್ಬರಿಗೆ, ನಿಮಗಿಂತ ಮುಂಚೆ, ಹಾಗೆ ಬೆರೆಸಲು ಒಂದು ಕಾರಣ ಇತ್ತಾ ಅಂತ ಮಾತ್ರ ಕೇಳುತ್ತಾರೆ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೆಎಸ್‌ಆರ್ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾರಿನ ಪೆಡಲ್ ಮೇಲಿನ ಕೇಸು ಅದು. ಆ ಕಾರಣ ಹಳೆಯ ದಾಖಲೆಯಲ್ಲಿ ಅಕ್ಷರಶಃ ಬರೆದಿರಲೇಬೇಕು ಅಂತಿಲ್ಲ, ಪಳಗಿದವರಿಗೆ ಸ್ವಂತ ಬುದ್ಧಿಯೂ ಇರುತ್ತದೆ ಅಂತ ಹೇಳಿತು. ಯುರೋಪಿನವರು ಪ್ರಶ್ನೆಯನ್ನು ಬೇರೆ ರೀತಿ ಹಾಕುತ್ತಾರೆ. ಅತಿ ಹತ್ತಿರದ ಹಳೆಯ ವಸ್ತು ಯಾವುದು, ಅದಕ್ಕೂ ಇದಕ್ಕೂ ವ್ಯತ್ಯಾಸ ಏನು, ಆ ವ್ಯತ್ಯಾಸದಿಂದ ಯಾವ ಸಮಸ್ಯೆ ನಿಜವಾಗಿ ಬಗೆಹರಿಯಿತು, ಆ ಸಮಸ್ಯೆ ಎದುರಿಗಿದ್ದಾಗ ಪಳಗಿದವರು ಇದನ್ನು ಮಾಡುತ್ತಿದ್ದರಾ. ಮಾಡಬಹುದಿತ್ತು ಅಂದರೆ ಸಾಲದು, ಮಾಡಿಯೇ ಮಾಡುತ್ತಿದ್ದರು ಅಂತ ತೋರಿಸಬೇಕು. ಅಲ್ಲಿ ಪೇಟೆಂಟ್ ಕೊಟ್ಟ ಮೇಲೆ 9 ತಿಂಗಳೊಳಗೆ ಯಾರು ಬೇಕಾದರೂ ವಿರೋಧಿಸಬಹುದು. ಪ್ರಾಕ್ಟರ್ ಅಂಡ್ ಗ್ಯಾಂಬಲ್, ಯುನಿಲಿವರ್, ಹೆಂಕೆಲ್ ಒಬ್ಬರ ಪೇಟೆಂಟಿಗೆ ಇನ್ನೊಬ್ಬರು ಎದುರು ನಿಲ್ಲುತ್ತಲೇ ಬಂದಿದ್ದಾರೆ.

ನಮ್ಮ ದೇಶದಲ್ಲಿ? 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ನೋಡಿ. ಈಗಿರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಅದರ ಜತೆಗೆ ಪಳಗಿದವರಿಗೆ ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು. ಮಿಶ್ರಣ ಮಾಡುವವರು ಇದಕ್ಕಿಂತ ಮೊದಲು ಓದಬೇಕಾದದ್ದು ಸೆಕ್ಷನ್ 3(ಇ). ಸುಮ್ನೆ ಬೆರೆಸಿ, ಒಂದೊಂದರ ಗುಣ ಒಟ್ಟಿಗೆ ಸಿಕ್ಕಿತು ಅಂದರೆ ಅದು ಆವಿಷ್ಕಾರವೇ ಅಲ್ಲ. ಬೆರೆತ ಮೇಲೆ ಬಿಡಿಬಿಡಿ ಗುಣಗಳ ಮೊತ್ತಕ್ಕಿಂತ ಜಾಸ್ತಿ ಏನೋ ಬರಬೇಕು. ಈ ಸೆಕ್ಷನ್ ನಮ್ಮಂಥ ಊರುಗಳಿಗೆ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

1978ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಶ್ವನಾಥ ಪ್ರಸಾದ್ ಕೇಸಿನಲ್ಲೂ ಇದೇ ಧಾಟಿಯಲ್ಲಿ ಮಾತಾಡಿದೆ. ಮಿರ್ಜಾಪುರದಲ್ಲಿ ಪಾತ್ರೆ ಮಾಡುವವರ ಜಗಳ. ಪಾತ್ರೆಯನ್ನು ಲೇಥಿಗೆ ಹಿಡಿಸಿ ಹೊಳಪು ಕೊಡುವ ಸಾಧನಕ್ಕೆ ಒಬ್ಬರು ಪೇಟೆಂಟ್ ತೆಗೆದುಕೊಂಡಿದ್ದರು. ಅದು ವರ್ಕ್‌ಶಾಪಿನಲ್ಲಿ ಕೆಲಸ ಬಲ್ಲವರು ಮಾಡಿಕೊಳ್ಳುವ ಸಣ್ಣ ಸುಧಾರಣೆ, ಅದಕ್ಕಿಂತ ಹೆಚ್ಚಿಲ್ಲ ಅಂತ ಪೇಟೆಂಟ್ ಬಿದ್ದುಹೋಯಿತು.

ಇಷ್ಟು ಹೇಳುವಾಗ ನಡುವೆ ಒಬ್ಬ ಅಕ್ಕ ಎದ್ದು ಕೇಳಿದರು. "ಸರ್, ನಾವು ಅಂಟುವಾಳದ ನೀರಿಗೆ ದಾಸವಾಳದ ಸೊಪ್ಪಿನ ಲೋಳೆ ಸೇರಿಸ್ತೇವೆ. ಬಟ್ಟೆ ಮೆತ್ತಗೆ ಬರ್ತದೆ. ಇದಕ್ಕೆ ಸಿಗೂದಿಲ್ವಾ?" ಒಳ್ಳೆಯ ಪ್ರಶ್ನೆ. ಅವರದ್ದನ್ನೇ ಹಿಡಿದು ನೋಡೋಣ. ಅಂಟುವಾಳದಿಂದ ರೇಷ್ಮೆ, ಉಣ್ಣೆ ತೊಳೆಯುವುದು ಎಲ್ಲರಿಗೂ ಗೊತ್ತು, ನೊರೆ ಬರುವುದು ಅದರ ಸಪೋನಿನ್‌ನಿಂದ. ದಾಸವಾಳದ ಲೋಳೆ ತಲೆಗೂದಲಿಗೆ ಹಾಕುತ್ತಾರೆ, ಕೂದಲು ಮೆದುವಾಗುತ್ತದೆ ಅಂತಲೇ ಹಾಕುತ್ತಾರೆ. ವಿರೋಧಿಸುವವರು ಹೇಳುವುದು ಇಷ್ಟೇ: ಕೂದಲು ಮೆತ್ತಗಾಗುತ್ತದೆ ಅಂತ ಗೊತ್ತಿದ್ದವರಿಗೆ ಬಟ್ಟೆಗೂ ಹಾಕಿ ನೋಡೋಣ ಅನ್ನಿಸುವುದಿಲ್ಲವಾ?

ಅದಕ್ಕೆ ಅಕ್ಕ ಕೊಡಬೇಕಾದ ಉತ್ತರ ಅವರ ನೋಟ್‌ಬುಕ್ಕಿನಲ್ಲಿ ಇರಬೇಕು. ಒಂದೇ ಥಾನಿನ ಹತ್ತಿ ಬಟ್ಟೆ ಹರಿದು ನಾಲ್ಕು ತುಂಡು ಮಾಡಲಿ. ಒಂದಕ್ಕೆ ಬರೀ ನೀರು, ಒಂದಕ್ಕೆ ಬರೀ ಅಂಟುವಾಳ, ಒಂದಕ್ಕೆ ಬರೀ ಲೋಳೆ, ಒಂದಕ್ಕೆ ಎರಡೂ. ಒಂದೇ ಬಾವಿಯ ನೀರು, ಒಂದೇ ಹೊತ್ತು ನೆನೆಸುವುದು, ಒಂದೇ ಹಗ್ಗ. ಯಾವ ತುಂಡಿಗೆ ಯಾವುದು ಅಂತ ಗೊತ್ತಿಲ್ಲದವರ ಕೈಗೆ ಕೊಟ್ಟು ಮುಟ್ಟಿ ಹೇಳಿಸಬೇಕು. ಹತ್ತಿಯ ಮೇಲೆ ಲೋಳೆ ಕ್ಯಾಟಯಾನಿಕ್ ಸಾಫ್ಟ್‌ನರಿನ ಹಾಗೆ ತಾನಾಗಿ ಹಿಡಿದು ಕೂರುವುದಿಲ್ಲ, ಜಾಲಿಸಿದರೆ ಹೋಗಬಹುದು, ಒಣಗಿದ ಮೇಲೆ ಗಂಜಿ ಹಾಕಿದ ಬಟ್ಟೆಯಂತೆ ಬಿರುಸೂ ಆಗಬಹುದು. ಹಾಗಿದ್ದೂ ಎರಡೂ ಕೂಡಿದ ತುಂಡು ಮಾತ್ರ ಉಳಿದ ಮೂರಕ್ಕಿಂತ ಸ್ಪಷ್ಟವಾಗಿ ಮೆತ್ತಗೆ ಬಂದರೆ, ಲೋಳೆಯ ಪ್ರಮಾಣ ಬದಲಿಸಿದರೂ ಹಾಗೇ ಬಂದರೆ, ಆಗ ಮಾತಾಡಲು ಒಂದು ವಿಷಯ ಸಿಕ್ಕಿತು. ಯಾವ ಪ್ರಮಾಣದಿಂದ ಯಾವ ಪ್ರಮಾಣದವರೆಗೆ ಬಂತೋ ಬೇಲಿಯೂ ಅಷ್ಟಕ್ಕೇ ಇರಲಿ. ಇನ್ನೊಂದಿದೆ. ಸೆಕ್ಷನ್ 3(ಪಿ) ಪ್ರಕಾರ ಪಾರಂಪರಿಕ ತಿಳಿವಳಿಕೆಗೆ, ಅಥವಾ ಮೊದಲಿಂದ ಗೊತ್ತಿರುವ ಗುಣಗಳನ್ನು ಕೂಡಿಸಿಟ್ಟದ್ದಕ್ಕೆ ಪೇಟೆಂಟ್ ಇಲ್ಲ. ಅಜ್ಜಿಯ ಕಾಲದಿಂದ ಹಾಗೇ ಮಾಡುತ್ತ ಬಂದಿದ್ದರೆ ಅದು ಊರಿನದ್ದು.

ಊರಿನದ್ದು ಅಂತ ಸಾಬೀತು ಮಾಡಬೇಕಾಗಿ ಬಂದಾಗಲೇ ಕಷ್ಟ ಶುರುವಾಗುವುದು. ಅರಿಶಿನದ ಕಥೆ ಕೇಳಿರುತ್ತೀರಿ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿ ಅಚ್ಚಾದ ದಾಖಲೆಗಳನ್ನು ಮುಂದಿಟ್ಟಿತು, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೂ ಅದರಲ್ಲಿತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಬಾಯಿಮಾತು ಅಲ್ಲಿ ನಡೆಯುತ್ತಿರಲಿಲ್ಲ. ನಮ್ಮ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ಸ್ಥಳೀಯ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನೂ ಎದುರಿಡಬಹುದು ಅಂತ ಸೆಕ್ಷನ್ 25ರಲ್ಲೇ ಬರೆದಿದೆ. ಆದರೂ ಬರೆದಿಟ್ಟದ್ದು ಇದ್ದರೆ ಕೆಲಸ ಸುಲಭ. ಅಂಟುವಾಳ, ಸೀಗೆ, ಬಾಳೆಯ ಬೂದಿ, ಯಾವ ಕಲೆಗೆ ಏನು, ಯಾವ ಬಟ್ಟೆಗೆ ಎಷ್ಟು ಹೊತ್ತು. ಘಟ್ಟದ ಮೇಲಿನವರು, ಕುಮಟಾ, ಅಂಕೋಲಾ ಕಡೆಯವರು ಮಾಡುವುದನ್ನು ಹುಡುಗರು ಈಗಲೇ ಕೇಳಿ ಬರೆದು, ತಾರೀಖು ಹಾಕಿ, ಕಾಲೇಜಿನ ಪತ್ರಿಕೆಯಲ್ಲಾದರೂ ಅಚ್ಚು ಮಾಡಿಸಲಿ. ನಾಳೆ ಯಾವುದೋ ಕಂಪನಿ ಇದಕ್ಕೇ ಬೇಲಿ ಹಾಕಲು ಬಂದರೆ ಆ ಪುಟವೇ ಸಾಕ್ಷಿ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುಂಚೆ, ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಕೊಟ್ಟ ಮೇಲಾದರೆ ಒಂದು ವರ್ಷದೊಳಗೆ, ಅದಕ್ಕೆ ಸಂಬಂಧಪಟ್ಟವರು ಮಾತ್ರ. ಕರ್ನಾಟಕಕ್ಕೆ ಚೆನ್ನೈ ಕಚೇರಿ.

ಕೊನೆಗೆ ಒಬ್ಬ ಹುಡುಗ ಕೇಳಿದ, "ಸರ್, ಹಾಗಾದ್ರೆ ಮೊದಲು ಪತ್ರಿಕೆಲಿ ಹಾಕ್ಬೇಕೋ, ಅರ್ಜಿ ಕೊಡ್ಬೇಕೋ?" ಎಲ್ಲರದ್ದೂ ಆಗಿರಲಿ ಅಂತಿದ್ದರೆ ಅಚ್ಚು ಹಾಕಿಸು ತಮ್ಮಾ. ನಿನ್ನದೇ ಹೊಸ ಮಿಶ್ರಣ, ಅಳತೆಯೂ ಕೈಯಲ್ಲಿದೆ ಅಂತಾದರೆ ಮೊದಲು ಅರ್ಜಿ. ಸಂತೆಯಲ್ಲಿ ಮಾರಿದರೆ, ವಾಟ್ಸಾಪಿನಲ್ಲಿ ಪಾಕ ಹಂಚಿದರೆ, ಆಮೇಲೆ ಅದನ್ನೇ ನಿನ್ನ ವಿರುದ್ಧ ತೋರಿಸುತ್ತಾರೆ. ಪೂರ್ತಿ ತಯಾರಿಲ್ಲದಿದ್ದರೆ ತಾತ್ಕಾಲಿಕ ವಿವರಣೆಯ ಜತೆ ಅರ್ಜಿ ಕೊಡಬಹುದು, ಆ ದಿನಾಂಕ ನಿನ್ನದಾಗುತ್ತದೆ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು. ಆ ನಾಲ್ಕು ತುಂಡು ಬಟ್ಟೆಯ ಪರೀಕ್ಷೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಮತ್ತೆ ಮಾಡಿ ಮುಗಿಸಲು ಅಷ್ಟು ಸಮಯ ಸಾಕು.